ಫೋನ್‌ನಲ್ಲಿ ಚಾರ್ಜ್ ಇದ್ದರೆ ದುಡ್ಡಿದೆ ಅಂದುಕೊಂಡಿರೋ ಮಗಳಿಗೆ ದುಡ್ಡಿನ ವಿಷಯ ಹೇಗೆ ಹೇಳಿಕೊಡೋದು?

ಐದೂವರೆಯ ಅಮ್ಮ:

ಮಗಳಿಗೆ ಐದೂವರೆ ವರ್ಷ. ಮೊನ್ನೆ ಆಟದ ಸಾಮಾನಿನ ಅಂಗಡಿಯಲ್ಲಿ ರಿಮೋಟ್ ಕಾರು ಬೇಕು ಅಂತ ಹಟ ಹಿಡಿದಳು. "ಈಗ ದುಡ್ಡಿಲ್ಲ ಪುಟ್ಟಾ" ಅಂದೆ. ನನ್ನ ಕೈಯಲ್ಲಿದ್ದ ಫೋನ್ ತಿರುಗಿಸಿ ನೋಡಿ, "ಸುಳ್ಳು ಹೇಳ್ಬೇಡ, ಚಾರ್ಜ್ ಇದೆಯಲ್ಲ!" ಅಂದಳು. ಅಂಗಡಿಯವರು ನಕ್ಕರು, ನಾನೂ ನಕ್ಕೆ. ಮನೆಗೆ ಬರೋ ದಾರಿಯಲ್ಲಿ ಮಾತ್ರ ನಗು ಬರಲಿಲ್ಲ. ಅವಳ ತಪ್ಪೇನಿದೆ? ಹುಟ್ಟಿದಾಗಿಂದ ನೋಡಿರೋದೇ ಅಷ್ಟು. ಅಮ್ಮ ಫೋನ್ ಹಿಡೀತಾಳೆ, ಟಿಣ್ ಅನ್ನತ್ತೆ, ಸಾಮಾನು ಚೀಲಕ್ಕೆ ಬೀಳತ್ತೆ. ನನ್ನ ಕೈಯಿಂದ ಏನೋ ಒಂದು ಕಮ್ಮಿಯಾಯ್ತು ಅನ್ನೋದನ್ನ ಅವಳು ಕಂಡೇ ಇಲ್ಲ.

ಇನ್ನೊಂದು ಕೇಳಿ. ಅಜ್ಜ ಕೊಟ್ಟಿದ್ದ ಒಂದು ನೋಟನ್ನ ಪಕ್ಕದ ಮನೆ ಹುಡುಗನಿಗೆ ಕೊಟ್ಟು ನಾಲ್ಕು ನಾಣ್ಯ ತಂದಿದ್ದಾಳೆ. "ಒಂದೇ ಪೇಪರ್ ಕೊಟ್ಟೆ, ನಾಲ್ಕು ದುಡ್ಡು ಬಂತು!" ಅಂತ ಬೀಗ್ತಾ ಬಂದಳು. ಆ ಹುಡುಗನಿಗೆ ಒಂಬತ್ತು ವರ್ಷ. ಅವನಿಗೆ ಎಲ್ಲಾ ಗೊತ್ತು.

ನಮ್ಮವರು "ಇನ್ನೂ ಮಗು, ಈಗಲೇ ಯಾಕೆ" ಅಂತಾರೆ. ಅತ್ತೆ "ಮಕ್ಕಳ ಕೈಗೆ ದುಡ್ಡು ಕೊಟ್ರೆ ಕೆಟ್ಟುಹೋಗ್ತಾವೆ" ಅಂತಾರೆ. ನನಗೆ ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗ್ತಿಲ್ಲ. ವಾರಕ್ಕಿಷ್ಟು ಅಂತ ಕೈಗೆ ಕೊಡೋದಾ? ಮನೆಗೆಲಸ ಮಾಡಿಸಿ ಕೊಡೋದಾ? ಹುಂಡಿ ತಂದಿಟ್ಟಿದ್ದೀನಿ, ನಾಣ್ಯ ಹಾಕ್ತಾಳೆ, ಆದರೆ ಅವಳಿಗೆ ಬೇಕಿರೋದು ಆ ಠಣ್ ಶಬ್ದ ಅಷ್ಟೇ. ಮಕ್ಕಳನ್ನ ಬೆಳೆಸಿದವರು ಹೇಳಿ.

ಗಾಜಿನ ಬಾಟಲಿ:

ಮೊದಲು ಆ ಹುಂಡಿ ಎತ್ತಿಡಿ. ಒಳಗೇನಿದೆ ಅಂತ ಕಾಣಲ್ಲ, ಒಡೆಯೋ ತನಕ ತೆಗೆಯೋ ಹಾಗಿಲ್ಲ. ಅವಳ ಪಾಲಿಗೆ ಅದು ನಾಣ್ಯ ನುಂಗೋ ಗೊಂಬೆ. ಗಾಜಿನದೋ ಪ್ಲಾಸ್ಟಿಕ್ಕಿನದೋ ಒಂದು ಪಾರದರ್ಶಕ ಬಾಟಲಿ ಕೊಡಿ. ಏರೋದು ಕಾಣಬೇಕು, ಅದಕ್ಕಿಂತ ಮುಖ್ಯವಾಗಿ ಇಳಿಯೋದು ಕಾಣಬೇಕು. ನನ್ನ ದೊಡ್ಡವನು ಬಾಟಲಿ ಮೇಲೆ ಪೆನ್ನಲ್ಲಿ ಗೆರೆ ಎಳೆದಿದ್ದ, "ಇಲ್ಲೀತನಕ ಬಂದ್ರೆ ಬಾಲ್" ಅಂತ. ಲೆಕ್ಕ ಬರದಿದ್ರೂ ಗೆರೆ ಅರ್ಥ ಆಗತ್ತೆ.

ಎರಡನೇದು, ಸಣ್ಣಪುಟ್ಟ ಖರೀದಿಗೆ ಮಗು ಜೊತೆಗಿದ್ದಾಗ ನಗದು ಕೊಡಿ. ನಿಮ್ಮ ಕೈಯಿಂದಲ್ಲ, ಅವಳ ಕೈಯಿಂದ. ಹಿಂದೆ ಕ್ಯೂನಲ್ಲಿ ನಿಂತವರು ಗೊಣಗಿದ್ರೆ ಗೊಣಗಲಿ.

ಬಾಲವಾಡಿ ಟೀಚರ್:

ನೋಟು ಕೊಟ್ಟು ನಾಲ್ಕು ನಾಣ್ಯ ತಂದಿದ್ದು ದಡ್ಡತನ ಅಲ್ಲಮ್ಮ, ಆ ವಯಸ್ಸಿನ ತರ್ಕವೇ ಅದು. ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದವರು. ಎರಡು ಸಾಲಲ್ಲಿ ಸಮ ಸಮ ಬಿಲ್ಲೆ ಇಟ್ಟು, ಒಂದು ಸಾಲನ್ನ ಅಗಲಕ್ಕೆ ಹರಡಿದ್ರೆ ನಾಲ್ಕೈದು ವರ್ಷದ ಮಗು "ಇದರಲ್ಲಿ ಜಾಸ್ತಿ" ಅಂತ ಅಗಲದ ಸಾಲನ್ನೇ ತೋರಿಸತ್ತೆ. ಕಣ್ಣಿಗೆ ಕಂಡಿದ್ದೇ ಲೆಕ್ಕ. ಅಂಥ ಮಗುವಿಗೆ, ಎಣಿಸಿದರೆ ಒಂದೇ ಆಗೋ ಕಾಗದ ನಾಲ್ಕು ನಾಣ್ಯಕ್ಕಿಂತ ಹೆಚ್ಚು ಅಂದ್ರೆ ಯಾಕೆ ನಂಬಬೇಕು?

ಇಟಲಿಯ ಬೆರ್ತಿ ಮತ್ತು ಬೊಂಬಿ ಅನ್ನೋ ಸಂಶೋಧಕಿಯರು 1980ರ ದಶಕದ ಆರಂಭದಲ್ಲಿ ಮಕ್ಕಳ ಜೊತೆ ಅಂಗಡಿ ಆಟ ಆಡಿಸಿ ನೋಡಿದರು. ತೀರಾ ಚಿಕ್ಕವರಿಗೆ ದುಡ್ಡು ಕೊಡೋದು ಒಂದು ಶಾಸ್ತ್ರ ಇದ್ದ ಹಾಗೆ. ಯಾವ ನಾಣ್ಯ ಕೊಟ್ಟರೂ ಯಾವ ವಸ್ತುವಾದರೂ ಸಿಗತ್ತೆ. ಬೆಲೆಗೆ ಸರಿಯಾಗಿ ಕೊಡಬೇಕು, ಹೆಚ್ಚು ಕೊಟ್ಟರೆ ಉಳಿದಿದ್ದು ವಾಪಸ್ ಬರತ್ತೆ ಅನ್ನೋ ತಿಳಿವಳಿಕೆ ಮೆಟ್ಟಿಲು ಮೆಟ್ಟಿಲಾಗಿ ಬರೋದು. ಅವರು ಬರೆದಿದ್ದನ್ನ ನಾನು ನನ್ನ ತರಗತಿಯಲ್ಲಿ ದಿನಾ ನೋಡ್ತೀನಿ. ಎಲೆಗಳೇ ನೋಟು, ಗುಂಡಿಗಳೇ ನಾಣ್ಯ. ಅಂಗಡಿಯವನಾದ ಹುಡುಗ ಒಂದು ಎಲೆ ತಗೊಂಡು ಪೆನ್ಸಿಲ್ ಕೊಟ್ಟು, ಮೇಲೆ ಆರು ಗುಂಡಿ ಚಿಲ್ಲರೆ ಕೊಡ್ತಾನೆ. ಕೊಡದೇ ಇದ್ರೆ ಗಿರಾಕಿಗೆ ಸಿಟ್ಟು. ಅವರ ಕಣ್ಣಿಗೆ ಅಂಗಡಿ ಅಂದ್ರೆ ಸಾಮಾನು ಸಿಗೋ ಜಾಗವೂ ಹೌದು, ದುಡ್ಡು ಸಿಗೋ ಜಾಗವೂ ಹೌದು. ಹಾಗಾಗಿ ಈಗಲೇ ಉಳಿತಾಯ, ಬಡ್ಡಿ ಅಂತ ಪಾಠ ಬೇಡ. "ಕೊಟ್ರೆ ನನ್ನ ಹತ್ರ ಇರಲ್ಲ" ಅನ್ನೋದೊಂದು ಗೊತ್ತಾದ್ರೆ ಈ ವರ್ಷಕ್ಕೆ ಸಾಕು.

ಕಟ್ಟುನಿಟ್ಟು:

ಐದು ವರ್ಷಕ್ಕೆ ಹಣಕಾಸು! ನಮಗೆ ಯಾರು ಹೇಳಿಕೊಟ್ಟಿದ್ರು? ಅಪ್ಪನ ಜೇಬು ಮುಟ್ಟಿದ್ರೆ ಏಟು ಬೀಳತ್ತೆ ಅಂತ ಗೊತ್ತಿತ್ತು, ಅಷ್ಟೇ. ಈಗ ಹುಟ್ಟಿದ ಮಗುವಿಗೂ ಬಜೆಟ್. "ದುಡ್ಡಿನ ಅಭ್ಯಾಸ ಏಳು ವರ್ಷದೊಳಗೆ ಗಟ್ಟಿಯಾಗತ್ತೆ" ಅಂತ ಎಲ್ಲ ಕಡೆ ಓಡಾಡ್ತಿರೋ ಆ ಒಂದು ಸಾಲು ಓದಿ ಅಪ್ಪ ಅಮ್ಮಂದಿರಿಗೆ ದಿಗಿಲು ಹಿಡಿದಿದೆ. ಮಗು ಆಡ್ಕೊಂಡಿರಲಿ ಬಿಡ್ರಪ್ಪ.

ಬಾಲವಾಡಿ ಟೀಚರ್:

@ಕಟ್ಟುನಿಟ್ಟು ಅರ್ಧ ಒಪ್ತೀನಿ. ಆ ಸಾಲಿನ ಮೂಲ 2013ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಇಬ್ಬರು ಬರೆದ ವರದಿ. ಅವರು ಹೊಸದಾಗಿ ಮಕ್ಕಳನ್ನ ಕೂರಿಸಿ ಅಳೆದು ಬರೆದಿದ್ದಲ್ಲ, ಅಲ್ಲೀವರೆಗಿನ ಅಧ್ಯಯನಗಳನ್ನ ಓದಿ ಬರೆದಿದ್ದು. ಅದರ ಒತ್ತು ಇರೋದು ನೋಟು ನಾಣ್ಯದ ಮೇಲಲ್ಲ. ಕಾಯೋದು, ಮುಂದಾಲೋಚನೆ ಮಾಡೋದು, ಆಸೆ ಹಿಡಿದಿಡೋದು, ಇಂಥ ಗುಣಗಳ ಬೇರು ಬೇಗ ಇಳಿಯತ್ತೆ ಅಂತ. ಏಳು ತುಂಬಿದ ಮೇಲೆ ಬಾಗಿಲು ಮುಚ್ಚಿಬಿಡತ್ತೆ ಅಂತಲ್ಲ. ನಲವತ್ತಕ್ಕೆ ಸುಧಾರಿಸಿದವರನ್ನ ನಾನೇ ನೋಡಿದ್ದೀನಿ. ಅವರ ಜೊತೆ ಸಂಸಾರವನ್ನೂ ಮಾಡ್ತಿದ್ದೀನಿ.

ಆದರೆ "ನಮಗೆ ಯಾರು ಹೇಳಿಕೊಟ್ರು" ಅಂದ್ರಲ್ಲ, ನಿಮ್ಮಪ್ಪನ ಜೇಬು ನಿಮ್ಮ ಕಣ್ಣಿಗೆ ಬೀಳ್ತಿತ್ತು. ಅದು ಉಬ್ಬಿದ್ದೂ ಸೊರಗಿದ್ದೂ ನೋಡಿದ್ರಿ. ಈ ಮಗುವಿಗೆ ನೋಡೋಕೆ ಜೇಬೇ ಇಲ್ಲ.

ಕಟ್ಟುನಿಟ್ಟು:

ಜೇಬಿನ ಮಾತು ಒಪ್ಪಿದೆ. ಉಳಿದಿದ್ದು ಇನ್ನೂ ಒಪ್ಪಿಲ್ಲ.

ರೇಟ್ ಕಾರ್ಡ್:

ಕೆಲಸಕ್ಕ ದುಡ್ಡು ಕೊಡಬೇಕೋ ಬ್ಯಾಡೋ ಅಂತ ಕೇಳೀರಲ್ಲ, ನನ್ನ ಕಥಿ ಕೇಳ್ರಿ. ಮಗಗ ಆರು ವರ್ಷ ಇದ್ದಾಗ ಭಾರೀ ಹುಮ್ಮಸ್ಸಿನ್ಯಾಗ ಗ್ವಾಡಿಗೆ ಒಂದು ಪಟ್ಟಿ ಅಂಟಿಸಿದ್ದೆ. ಹಾಸಿಗಿ ಮಡಚಿದ್ರ ಒಂದು ನಾಣ್ಯ, ಗಿಡಕ್ಕ ನೀರು ಹಾಕಿದ್ರ ಎರಡು, ತಂಗಿನ ಆಡಿಸಿದ್ರ ಮೂರು. ಮೊದಲ ವಾರ ಮನಿ ಫಳಫಳ. ಎರಡನೇ ವಾರ ಅವನವ್ವ ಜ್ವರ ಬಂದು ಮಲಗಿದ್ಲು, "ಒಂದು ಲೋಟ ನೀರು ತಾರೋ" ಅಂದ್ರ, ಪಟ್ಟಿ ಮುಂದ ನಿಂತು ಬೆರಳು ಇಟ್ಟು ಹುಡುಕಾಕತ್ತಿದ. "ನೀರು ತರೋದು ಇದರಾಗ ಇಲ್ಲಲ್ಲ, ಎಷ್ಟು ಕೊಡ್ತೀ?" ಅಂದ. ಅವತ್ತ ಪಟ್ಟಿ ಹರದು ಒಗದೆ. ಹಾಸಿಗಿ ಮಡಚೋದು ಮತ್ತ ಶುರು ಆಗಾಕ ಆರು ತಿಂಗಳ ಹಿಡೀತು.

ಬಾಲವಾಡಿ ಟೀಚರ್:

ಪಟ್ಟಿ ಮುಂದೆ ನಿಂತ ಆ ಹುಡುಗ ಕಣ್ಣಿಗೆ ಕಟ್ಟಿದ ಹಾಗಿದೆ! 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂವರು ಇಂಥದ್ದನ್ನೇ ಶಿಶುವಿಹಾರದಲ್ಲಿ ಪರೀಕ್ಷೆ ಮಾಡಿದ್ದರು. ಸ್ಕೆಚ್ ಪೆನ್ನಲ್ಲಿ ಚಿತ್ರ ಬಿಡಿಸೋಕೆ ಮೊದಲೇ ಆಸೆ ಇದ್ದ ಮಕ್ಕಳು. ಕೆಲವರಿಗೆ "ಬಿಡಿಸಿದ್ರೆ ಬಹುಮಾನ ಕೊಡ್ತೀವಿ" ಅಂತ ಮುಂಚೆಯೇ ಹೇಳಿ ಕೊಟ್ಟರು, ಕೆಲವರಿಗೆ ಹೇಳದೇ ಕೊಟ್ಟರು, ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಅದೇ ಪೆನ್ನುಗಳನ್ನ ಮೇಜಿನ ಮೇಲೆ ಸುಮ್ಮನೆ ಇಟ್ಟು ನೋಡಿದಾಗ, ಬಹುಮಾನದ ಮಾತು ಕೊಟ್ಟು ಬರೆಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧ ಹೊತ್ತು ಮಾತ್ರ ಅದರ ಹತ್ತಿರ ಹೋದರು. ಆಟವಾಗಿದ್ದದ್ದು ಕೂಲಿ ಆಗಿಹೋಗಿತ್ತು.

ಗಾಜಿನ ಬಾಟಲಿ:

ನಮ್ಮನೆ ಪದ್ಧತಿ ಹೇಳ್ತೀನಿ. ತನ್ನ ತಟ್ಟೆ, ತನ್ನ ಹಾಸಿಗೆ, ತನ್ನ ಆಟದ ಸಾಮಾನು, ಇದಕ್ಕೆಲ್ಲ ದುಡ್ಡಿಲ್ಲ, ಮನೆಯವರು ಅಂದಮೇಲೆ ಮಾಡಲೇಬೇಕು. ವಾರದ ದುಡ್ಡು ಬೇರೆ. ಕೆಲಸ ಮಾಡಲಿ ಬಿಡಲಿ ಅದು ಬರತ್ತೆ, ಯಾಕಂದ್ರೆ ಅದು ಕೂಲಿ ಅಲ್ಲ, ಅಭ್ಯಾಸಕ್ಕೆ ಕೊಡೋ ಸಾಮಗ್ರಿ. ಬರೆಯೋಕೆ ಸ್ಲೇಟು ಕೊಟ್ಟ ಹಾಗೆ. ಶಿಕ್ಷೆ ಅಂತ ಅದನ್ನ ಕಿತ್ತುಕೊಳ್ಳೋದೂ ಇಲ್ಲ. ಹೊರಗಿನವರನ್ನ ಕರೆಸಿ ಮಾಡಿಸಬೇಕಾದ ಕೆಲಸವನ್ನ ದೊಡ್ಡವನು ಮಾಡಿದ್ರೆ ಮಾತ್ರ ಸಂಬಳ. ಅವನಿಗೆ ಈಗ ಹತ್ತು ವರ್ಷ. ಐದಕ್ಕೆ ಅದೆಲ್ಲ ಬೇಡ.

ಎಷ್ಟು ಕೊಡಬೇಕು ಅಂತ ಮುಂದಿನ ಪ್ರಶ್ನೆ ಬರತ್ತೆ, ಮೊದಲೇ ಹೇಳಿಬಿಡ್ತೀನಿ. ಒಂದು ಸಣ್ಣ ಆಸೆ ಎರಡು ಮೂರು ವಾರದಲ್ಲಿ ತೀರೋವಷ್ಟು. ಅದೇ ವಾರ ತೀರಿದ್ರೆ ಕಾಯೋದು ಕಲಿಯಲ್ಲ, ಮೂರು ತಿಂಗಳಾದ್ರೆ ಐದು ವರ್ಷದ ಮಗುವಿಗೆ ಅದು ಮುಂದಿನ ಜನ್ಮ ಇದ್ದ ಹಾಗೆ.

ಸಾಲಗಾರ ಅಪ್ಪ:

ಒಂದು ತಪ್ಪೊಪ್ಪಿಗೆ. ಹೆಸರು ಇಟ್ಕೊಂಡಿರೋದೇ ಅದಕ್ಕೆ.

ಮಗ ಆರು ತಿಂಗಳು ಡಬ್ಬಿಯಲ್ಲಿ ಕೂಡಿಹಾಕಿದ್ದ. ಒಂದು ದಿನ ಬೆಳಿಗ್ಗೆ ಆಟೋದವರು ಬಾಗಿಲಲ್ಲಿ ನಿಂತಿದ್ರು, ಚಿಲ್ಲರೆ ಇರಲಿಲ್ಲ. ಡಬ್ಬಿ ತೆಗೆದು ಕೊಟ್ಟೆ. ಸಂಜೆ ವಾಪಸ್ ಹಾಕೋಣ ಅಂದುಕೊಂಡೆ, ಮರೆತೆ. ಮುಂದಿನ ವಾರ ಇನ್ನೊಂದ್ಸಲ. ಅವನೂ ಏನೂ ಹೇಳಲಿಲ್ಲ, ನಾನು ಅವನಿಗೆ ಗೊತ್ತೇ ಇಲ್ಲ ಅಂದುಕೊಂಡೆ. ಆಮೇಲೆ ಗಮನಿಸಿದರೆ, ಅಜ್ಜಿ ಕೊಟ್ಟಿದ್ದನ್ನ ಅವನು ಡಬ್ಬಿಗೆ ಹಾಕ್ತಿಲ್ಲ. ಅದೇ ದಿನ ಅಂಗಡಿಗೆ ಓಡಿಹೋಗಿ ಏನೋ ಒಂದು ತಗೊಂಡು ಬರ್ತಿದ್ದ. ನಾನು "ಉಳಿಸೋದು ಕಲಿ" ಅಂತ ಬೈದೆ. ಆಗ ಅವನು ಡಬ್ಬಿ ತಂದು ನನ್ನ ಮುಂದೆ ಇಟ್ಟ. ಮಾತಿಲ್ಲ. ಎಣಿಸಿ ನೋಡು ಅನ್ನೋ ಹಾಗೆ ಇಟ್ಟ. ಏಳು ವರ್ಷದವನು.

ಬೈಸಿಕೊಳ್ಳಬೇಕಾದವನು ಯಾರು ಅಂತ ಆವತ್ತು ಗೊತ್ತಾಯ್ತು. ಅಸಲು ಹಾಕಿದೆ, ಮೇಲೆ ಒಂದಿಷ್ಟು ಸೇರಿಸಿದೆ, ಕ್ಷಮೆ ಕೇಳಿದೆ. ಆದರೂ ಅವನು ಡಬ್ಬಿ ಇಡೋ ಜಾಗ ಬದಲಾಯಿಸಿದ. ಎಲ್ಲಿಟ್ಟಿದ್ದಾನೆ ಅಂತ ಇವತ್ತಿಗೂ ನನಗೆ ಹೇಳಿಲ್ಲ.

ಬಾಲವಾಡಿ ಟೀಚರ್:

@ಸಾಲಗಾರ ಅಪ್ಪ ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಸಿಹಿ ತಿನಿಸು ಮುಂದಿಟ್ಟು "ನಾನು ಬರೋ ತನಕ ತಿನ್ನದಿದ್ರೆ ಎರಡು ಕೊಡ್ತೀನಿ" ಅನ್ನೋ ಸ್ಟ್ಯಾನ್‌ಫರ್ಡ್‌ನ ವಾಲ್ಟರ್ ಮಿಶೆಲ್ ಪ್ರಯೋಗ ಎಲ್ಲರೂ ಕೇಳಿರ್ತೀರಿ. ಕಾದ ಮಕ್ಕಳು ಮುಂದೆ ಚೆನ್ನಾಗಾದರು ಅನ್ನೋ ಕಥೆ. 2018ರಲ್ಲಿ ಇನ್ನೂ ಹೆಚ್ಚು ಮಕ್ಕಳ ಮೇಲೆ ಲೆಕ್ಕ ಹಾಕಿದಾಗ, ಮನೆಯ ಸ್ಥಿತಿಗತಿಯನ್ನೂ ಸೇರಿಸಿ ನೋಡಿದರೆ ಆ ನಂಟು ತುಂಬಾ ಸಡಿಲವಾಗತ್ತೆ ಅಂತ ಕಂಡುಬಂತು.

ನಿಮ್ಮ ಡಬ್ಬಿಗೆ ಹತ್ತಿರದ್ದು 2013ರಲ್ಲಿ ಪ್ರಕಟವಾದ ಇನ್ನೊಂದು. ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರದ್ದು, 28 ಮಕ್ಕಳು. ತಿನಿಸಿಗೆ ಮೊದಲು ಬಣ್ಣ ಹಚ್ಚೋ ಆಟ. "ಇನ್ನೂ ಒಳ್ಳೇ ಬಣ್ಣ ತರ್ತೀನಿ ಇರು" ಅಂತ ಹೋದವರು ಅರ್ಧ ಮಕ್ಕಳಿಗೆ ನಿಜವಾಗಿ ತಂದುಕೊಟ್ಟರು, ಉಳಿದ ಅರ್ಧಕ್ಕೆ "ಅಯ್ಯೋ, ಇಲ್ವಂತೆ" ಅಂತ ಬರಿಗೈಲಿ ಬಂದರು. ಆಮೇಲೆ ತಿನಿಸು ಇಟ್ಟರು. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ 3 ನಿಮಿಷ. ನಿಮ್ಮ ಮಗ ದುಂದುಗಾರ ಅಲ್ಲ ಸಾರ್. ಇಟ್ಟ ದುಡ್ಡು ಉಳಿಯದ ಮನೆಯಲ್ಲಿ ಖರ್ಚು ಮಾಡೋದೇ ಜಾಣತನ, ಅವನು ಅದನ್ನೇ ಮಾಡಿದ.

ಕೌಂಟರ್ ನಂಬರ್ ಮೂರು:

ನಾನು ಬ್ಯಾಂಕಲ್ಲಿ ಕೆಲಸ ಮಾಡೋಳು. ಮಕ್ಕಳನ್ನ ಕರ್ಕೊಂಡು ಬರೋರು ಇದ್ದಾರೆ, ಖುಷಿ. ಒಬ್ಬ ಹುಡುಗ ತನ್ನ ನಾಣ್ಯಕ್ಕೆ ಕೆಂಪು ಚುಕ್ಕೆ ಇಟ್ಟು ಕಟ್ಟಿದ್ದ. ಮುಂದಿನ ತಿಂಗಳು ಬಂದು "ನನ್ನ ಚುಕ್ಕೆ ನಾಣ್ಯ ತೋರಿಸಿ" ಅಂದ. ಇಲ್ಲ ಅಂದಿದ್ದಕ್ಕೆ ಗೊಳೋ ಅಂತ ಅಳು. ಅವನ ಪ್ರಕಾರ ಬ್ಯಾಂಕ್ ಅಂದ್ರೆ ಬೀಗ ಹಾಕಿದ ಕಪಾಟು, ನಾನು ಅದರ ಕಾವಲುಗಾರ್ತಿ. ಬ್ಯಾಂಕು ಆ ದುಡ್ಡನ್ನ ಬೇರೆಯವರಿಗೆ ಸಾಲ ಕೊಡತ್ತೆ, ಅವರಿಂದ ಹೆಚ್ಚು ಬಡ್ಡಿ ತಗೊಂಡು ನಿನಗೆ ಕಮ್ಮಿ ಬಡ್ಡಿ ಕೊಡತ್ತೆ ಅಂತ ವಿವರಿಸೋಕೆ ಹೋದೆ. ಅಳು ಜೋರಾಯ್ತು. "ನನ್ನ ದುಡ್ಡನ್ನ ಯಾರಿಗೆ ಕೊಟ್ಟುಬಿಟ್ರಿ?" ಅಂತ. ಯೋಚನೆ ಮಾಡಿದ್ರೆ ಅದು ನ್ಯಾಯವಾದ ಪ್ರಶ್ನೆಯೇ.

ಹತ್ತು ದಾಟೋ ತನಕ ಬಡ್ಡಿ ಬಿಡಿ. ಆಮೇಲೆ 72ರ ಲೆಕ್ಕ ಹೇಳಿಕೊಡಿ, ಮಕ್ಕಳಿಗೆ ಅದು ಜಾದೂ ಥರ. 72ನ್ನ ಬಡ್ಡಿ ದರದಿಂದ ಭಾಗಿಸಿದ್ರೆ ದುಡ್ಡು ಎರಡರಷ್ಟಾಗೋಕೆ ಹೆಚ್ಚುಕಮ್ಮಿ ಎಷ್ಟು ವರ್ಷ ಬೇಕು ಅಂತ ಸಿಗತ್ತೆ. 6 ಪರ್ಸೆಂಟಿಗೆ 12 ವರ್ಷ. ಚಕ್ರಬಡ್ಡಿಗೆ ಮಾತ್ರ ಇದು. ಸಾಲಕ್ಕೂ ಹಾಕಿ ತೋರಿಸಿ. 24 ಪರ್ಸೆಂಟಿನ ಸಾಲ ತೀರಿಸದೇ ಬಿಟ್ರೆ ಮೂರೇ ವರ್ಷಕ್ಕೆ ದುಪ್ಪಟ್ಟು.

ಹಳೇ ಚಪ್ಪಲಿ:

"ದುಡ್ಡಿಲ್ಲ ಪುಟ್ಟಾ" ಅಂದ್ರಲ್ಲ, ಆ ಮಾತಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನಾನು ಹೇಳ್ತೀನಿ.

ನಮ್ಮನೇಲಿ ನಿಜವಾಗಲೂ ಇರಲಿಲ್ಲ. ಅಮ್ಮ ತಿಂಗಳ ಕೊನೇಲಿ ಡಬ್ಬಿಗಳ ತಳ ತಟ್ಟಿ ನೋಡ್ತಿದ್ದ ಸದ್ದು ನನಗೆ ಈಗಲೂ ನೆನಪಿದೆ. ನನಗೆ ಯಾರೂ ಉಳಿತಾಯ ಕಲಿಸಲಿಲ್ಲ, ಕೇಳದೇ ಇರೋದನ್ನ ಕಲಿಸಿದರು. ಇವತ್ತು ಒಳ್ಳೇ ಸಂಬಳ ಬರತ್ತೆ. ಆದರೂ ಚಪ್ಪಲಿ ಅಂಗಡಿಗೆ ಹೋದ್ರೆ ಎದೆ ಹೊಡ್ಕೊಳ್ಳತ್ತೆ. 1947ರಲ್ಲಿ ಮನಶ್ಶಾಸ್ತ್ರಜ್ಞರಾದ ಬ್ರೂನರ್ ಮತ್ತು ಗುಡ್‌ಮನ್ ಹತ್ತು ವರ್ಷದ ಮಕ್ಕಳಿಗೆ ನಾಣ್ಯ ಎಷ್ಟು ದೊಡ್ಡದು ಅಂತ ಬೆಳಕಿನ ವೃತ್ತವನ್ನ ಹಿಗ್ಗಿಸಿ ಕುಗ್ಗಿಸಿ ತೋರಿಸೋಕೆ ಹೇಳಿದಾಗ, ಬಡ ಮಕ್ಕಳು ಶ್ರೀಮಂತ ಮಕ್ಕಳಿಗಿಂತ ದೊಡ್ಡದಾಗಿ ತೋರಿಸಿದರಂತೆ. ಆಮೇಲೆ ಬೇರೆಯವರು ಮಾಡಿದಾಗ ಅಷ್ಟು ಖಚಿತವಾಗಿ ಬರಲಿಲ್ಲ. ಬರದಿದ್ರೂ ನಾನು ನಂಬ್ತೀನಿ, ನನ್ನ ಕಣ್ಣಲ್ಲಿ ನಾಣ್ಯ ಈಗಲೂ ತಟ್ಟೆಯಷ್ಟಿದೆ.

ಅದಕ್ಕೇ ಕೇಳ್ಕೋತೀನಿ. ಇದ್ದಾಗ "ಇಲ್ಲ" ಅನ್ನಬೇಡಿ. ಮಕ್ಕಳು ಒಂದೋ ಹೆದರ್ತಾರೆ, ಇಲ್ಲಾ ಹತ್ತು ನಿಮಿಷ ಬಿಟ್ಟು ನೀವು ನಿಮಗೆ ಏನೋ ತಗೊಂಡಾಗ ನಿಮ್ಮನ್ನ ಹಿಡಿದು ಹಾಕ್ತಾರೆ. "ಇದಕ್ಕೆ ಇವತ್ತು ಕೊಡಲ್ಲ" ಅನ್ನಿ. ಅತ್ತರೆ ಅಳಲಿ. ನಿಜವಾಗಿ ಇಲ್ಲದಿದ್ದಾಗಲೂ ಹೇಳಿ, ಜೊತೆಗೆ "ಊಟಕ್ಕೆ, ಮನೆಗೆ, ಸ್ಕೂಲಿಗೆ ಇದೆ" ಅಂತ ಅಷ್ಟನ್ನೂ ಸೇರಿಸಿ ಹೇಳಿ. ನಮ್ಮಮ್ಮ ಆ ಎರಡನೇ ಅರ್ಧ ಹೇಳಿದ್ರೆ ನಾನು ರಾತ್ರಿ ನಿದ್ದೆ ಮಾಡ್ತಿದ್ದೆ ಅನ್ಸತ್ತೆ. ಹೇಳೋಕೆ ಅವಳಿಗೂ ಖಾತ್ರಿ ಇರಲಿಲ್ಲವೇನೋ.

ಐದೂವರೆಯ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. @ಹಳೇ ಚಪ್ಪಲಿ, ನಿಮ್ಮದನ್ನ ಎರಡು ಸಲ ಓದಿದೆ. ಕಾರಿಗೆ ದುಡ್ಡಿತ್ತು. ಇಲ್ಲ ಅಂದಿದ್ದು ಸುಳ್ಳೇ.

ಬಾಟಲಿ ಬಂದಿದೆ. ವಾರಕ್ಕೆ ಐದು ನಾಣ್ಯ, ಶನಿವಾರ ಬೆಳಿಗ್ಗೆ. ಏನಾಯ್ತು ಅಂತ ತಿಂಗಳು ಬಿಟ್ಟು ಬರೀತೀನಿ.

ಐದೂವರೆಯ ಅಮ್ಮ:

ತಿಂಗಳ ಮೇಲೆ ಹತ್ತು ದಿನ ಆಯ್ತು.

ಮೂರನೇ ವಾರ ಬಾಟಲಿ ತಬ್ಬಿಕೊಂಡು ಅಂಗಡಿಗೆ ಹೋದಳು. ಹೊಳೆಯೋ ಒಂದು ಪ್ಲಾಸ್ಟಿಕ್ ಮಾಂತ್ರಿಕ ಕೋಲು ಆರಿಸಿದಳು. ನೋಡಿದ್ರೇ ಗೊತ್ತಾಗ್ತಿತ್ತು, ನಾಲ್ಕು ದಿನ ಬಾಳಲ್ಲ. ಬಾಯಿ ತುದಿಗೆ ಬಂದಿದ್ದನ್ನ ನುಂಗಿಕೊಂಡೆ. ಒಂದೊಂದೇ ನಾಣ್ಯ ಎತ್ತಿ ಕೌಂಟರ್ ಮೇಲೆ ಇಟ್ಟಳು. ಹನ್ನೆರಡನೇದು ಇಡುವಾಗ ಕೈ ಸ್ವಲ್ಪ ತಡೆಯಿತು, ಬಾಟಲಿ ಕಡೆ ನೋಡಿದಳು. ಆಮೇಲೆ ಇಟ್ಟಳು. ಆ ತಡೆದ ಕೈಗೋಸ್ಕರ ನಾನು ಇದೆಲ್ಲ ಮಾಡಿದ್ದು.

ಕೋಲು ಎರಡನೇ ದಿನವೇ ಮುರೀತು. ನಮ್ಮವರು ಸಂಜೆ ಹೊಸದು ತರೋಕೆ ಹೊರಟೇಬಿಟ್ಟಿದ್ರು, ಬಾಗಿಲಲ್ಲಿ ತಡೆದೆ. ಜಗಳವೇ ಆಯ್ತು, ಮುಚ್ಚಿಡೋದೇನು. "ಅಷ್ಟು ಸಣ್ಣ ವಿಷಯಕ್ಕೆ ಮಗೂನ ಅಳಿಸ್ತೀಯಾ" ಅಂದ್ರು. ಸಣ್ಣದಿರುವಾಗಲೇ ಅಳಲಿ ಅಂದೆ. ಇಬ್ಬರೂ ಕೂತು ಟೇಪು ಸುತ್ತಿದ್ವಿ. ಈಗ ಅದು ಟೇಪಿನ ಕೋಲು. ಇದರಿಂದ ಬುದ್ಧಿ ಬಂತಾ ಅಂದ್ರೆ, ಇಲ್ಲ. ಮೊನ್ನೆ ಅದೇ ಅಂಗಡಿಯಲ್ಲಿ ಅದೇ ಕೋಲಿನ ನೀಲಿ ಬಣ್ಣದ್ದಕ್ಕೆ ಕೈ ಹಾಕಿದ್ದಾಳೆ. ಒಂದೇ ವ್ಯತ್ಯಾಸ, ಈ ಸಲ ಅದನ್ನ ಬಗ್ಗಿಸಿ ನೋಡಿದಳು.

ಕಟ್ಟುನಿಟ್ಟು:

ಬಗ್ಗಿಸಿ ನೋಡಿದಳಾ? ಸರಿ, ಇದನ್ನ ಒಪ್ಪಿದೆ. ಅತ್ತೆಯವರು ಏನಂತಾರೆ?

ಐದೂವರೆಯ ಅಮ್ಮ:

ಅತ್ತೆ ಕಥೆ ಬೇರೆ. ನಾನು ಒಂದು ವಾರ ಶನಿವಾರ ಮರೆತಿದ್ದಕ್ಕೆ "ಮಗೂಗೆ ಕೊಡಬೇಕಾದ್ದು ಕೊಟ್ಯಾ?" ಅಂತ ಮೊದಲು ಕೇಳಿದ್ದು ಅವರೇ.

ನಿನ್ನೆ ಹಾಲಿನವರಿಗೆ ಚಿಲ್ಲರೆ ಇಲ್ಲದೇ ಬಾಟಲಿಯಿಂದ ಮೂರು ನಾಣ್ಯ ಬೇಕಾಯ್ತು. @ಸಾಲಗಾರ ಅಪ್ಪ ನೆನಪಾದ್ರು, ಮಗಳನ್ನ ಎಬ್ಬಿಸಿ ಕೇಳಿಯೇ ತಗೊಂಡೆ. ಅವಳಿಗೆ ಓದೋಕೆ ಬರಲ್ಲ, ಅದಕ್ಕೆ ಒಂದು ಚೀಟಿಯಲ್ಲಿ ಮೂರು ಸೊನ್ನೆ ಬರೆದು, ಪಕ್ಕದಲ್ಲಿ ಜಡೆ ಇರೋ ಗೊಂಬೆ ಬಿಡಿಸಿ, ಅದು ನಾನು ಅಂತ ಹೇಳಿ ಕೊಟ್ಟೆ. ಅದನ್ನ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾಳೆ. ಮನೆಗೆ ಬಂದವರಿಗೆಲ್ಲ ತೋರಿಸಿ "ಅಮ್ಮ ನಂಗೆ ಕೊಡಬೇಕು" ಅಂತಿದ್ದಾಳೆ.

ಇವತ್ತು ತೀರಿಸೋಕೆ ಹೋದೆ. ಕೈಯಲ್ಲಿ ನೋಟಿತ್ತು, ಮೂರಕ್ಕಿಂತ ಜಾಸ್ತಿಯದ್ದೇ. ಇಟ್ಕೋ ಅಂದೆ. ಚೀಟಿ ಕಿತ್ತು ತಂದು ನೋಟಿನ ಪಕ್ಕ ಹಿಡಿದು, ಸೊನ್ನೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಎಣಿಸಿದಳು. "ಇದು ಒಂದೇ ಇದೆ" ಅಂತ ವಾಪಸ್ ಕೊಟ್ಟಳು. ನಾಳೆ ಎಲ್ಲಾದರೂ ಚಿಲ್ಲರೆ ಮಾಡಿಸ್ಕೊಂಡು ಬರಬೇಕು.